ಎಳೆ ಹಿಡಿದು ಹೋದವರು

ನಮ್ಮತ್ತೆಯ ತವರು ಕನಕಪುರ. ಆ ಮನೆಯ ಹಿತ್ತಿಲಲ್ಲಿ ರೇಷ್ಮೆ ನೂಲು ತೆಗೆಯುವ ಚರಕ ಇತ್ತಂತೆ. ಮದುವೆಯಾಗಿ ಸಾತನೂರಿಗೆ ಬಂದ ಮೇಲೆ ಅವರು ಹುಳು ಸಾಕಿದರೇ ಹೊರತು ನೂಲು ತೆಗೆಯುವ ಕೆಲಸ ಮಾಡಲಿಲ್ಲ. ಆದರೂ ಹುಡುಗಿಯಾಗಿದ್ದಾಗ ಕಲಿತ ಕೈ ನೋಡಿ, ಸುಮ್ಮನಿರುತ್ತಿರಲಿಲ್ಲ. ರಾಮನಗರದ ಮಾರ್ಕೆಟ್ಟಿಗೆ ಗೂಡು ಹೋದ ಮೇಲೆ ಉಳಿದ ನಾಲ್ಕಾರು ಗೂಡನ್ನು ಒಂದು ಹಳೆ ಪಾತ್ರೆಯಲ್ಲಿ ಕುದಿಸಿ, ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಎಳೆ ತೆಗೆದು ತೋರಿಸುತ್ತಿದ್ದರು. ಬೆಂದ ಹುಳುವಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದೆ. ಪೊರಕೆ ಕಡ್ಡಿಗಳ ಒಂದು ಸಣ್ಣ ಕಟ್ಟಿನಿಂದ ನೀರಿನಲ್ಲಿ ತೇಲುವ ಗೂಡುಗಳನ್ನು ಸವರಿದರೆ ಮೊದಲು ಬರುವುದು ಗೋಜಲು ಗೋಜಲಾದ ಹಿಂಜು. ಅದನ್ನು ಎಳೆದು ಬಿಸಾಡಬೇಕು. ಆಮೇಲೆ ಒಂದು ಎಳೆ ಬರುತ್ತದೆ, ಅದು ಕೊನೆಯವರೆಗೂ ಬರುತ್ತದೆ.

"ಒಂದು ಗೂಡಿಗೆ ಒಂದೇ ಎಳೆ ಕಣವ್ವ. ಅದು ಸಿಕ್ಕೋವರ್ಗೂ ತಾಳ್ಮೆ ಇರ್ಬೇಕು" ಎನ್ನುತ್ತಿದ್ದರು. ಹುಳುವಿನ ಜಾತಿಯ ಮೇಲೆ ಹೋಗುತ್ತದೆ, ಆ ಒಂದು ಎಳೆ ಮುಕ್ಕಾಲು ಕಿಲೋಮೀಟರಿಗೂ ಬರಬಹುದು, ಒಂದು ಕಿಲೋಮೀಟರು ದಾಟಲೂಬಹುದು. ಹೆಬ್ಬೆರಳಿನ ಗಾತ್ರದ ಗೂಡಿನಲ್ಲಿ!

ಈ ಅತ್ತೆಗೆ 2008ರ ಹೊತ್ತಿಗೆ ಮರೆವು ಶುರುವಾಯಿತು. ಮೊದಮೊದಲು ಹಾಲು ಉಕ್ಕಿಸುವುದು, ಬೀಗದ ಕೈ ಎಲ್ಲೋ ಇಡುವುದು. ಅದು ನಮಗೂ ಆಗುವುದೇ. ಆಮೇಲೆ ತಮ್ಮ ಎರಡನೆಯ ಮಗನನ್ನೇ "ಯಾರಪ್ಪ, ಯಾವೂರು?" ಎಂದು ಕೇಳಿದ ದಿನ ನಮ್ಮ ಯಜಮಾನರು ಊಟ ಮಾಡಲಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಪ್ರಶ್ನೆಗಳ ಹಾಳೆ ಇಟ್ಟುಕೊಂಡು ಕೇಳುತ್ತಾ ಹೋದರು. ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು, ನಿಮ್ಮೂರು ಯಾವ ಜಿಲ್ಲೆ? ಅತ್ತೆ "ಬೆಂಗಳೂರು ಜಿಲ್ಲೆ" ಎಂದರು. ಡಾಕ್ಟರು ಹಾಳೆ ನೋಡಿ ತಪ್ಪು ಎಂದು ಗುರುತು ಹಾಕಿದರು. ನನಗೆ ಎಷ್ಟು ಸಂಕಟವಾಯಿತೆಂದರೆ ಬಾಯಿ ತಡೆಯಲಾಗಲಿಲ್ಲ. "ಸಾರ್, ಅವರು ಮದುವೆಯಾಗಿ ಬಂದಾಗ ಅದು ಬೆಂಗಳೂರು ಜಿಲ್ಲೆಯೇ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಆಯಿತು, 2007ರಲ್ಲಿ ರಾಮನಗರ ಆಯಿತು. ಅದೇ ಮನೆಯಲ್ಲಿ ಕೂತಿರೋ ಅವರು ಎಷ್ಟು ಸಲ ನೆನಪಿಟ್ಟುಕೊಳ್ಳಬೇಕು?" ಎಂದೆ. ಅವರು ನಕ್ಕು, ಗುರುತನ್ನು ಹಾಗೆಯೇ ಬಿಟ್ಟರು. (2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾದಾಗ, ಈಗ ಅತ್ತೆಗೆ ಅರ್ಧ ಮಾರ್ಕಾದರೂ ಕೊಡಬಹುದಿತ್ತು ಎಂದುಕೊಂಡೆ.)

ಸ್ಕ್ಯಾನಿನ ಚಿತ್ರವನ್ನು ದೀಪದ ಮುಂದೆ ಹಿಡಿದು "ಇಲ್ಲಿ ಕುಗ್ಗಿದೆ ನೋಡಿ" ಎಂದು ತೋರಿಸಿದರು. ಬೂದುಬಣ್ಣದ ಆಕ್ರೋಟಿನ ಹಾಗೆ ಏನೋ ಕಂಡಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಬೋರ್ಡಿನ ಮೇಲೆ ನರಕೋಶದ ಚಿತ್ರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕೊಂಬೆಕೊಂಬೆಯಾದ ತಲೆ, ಉದ್ದನೆಯ ಬಾಲ. ಆದರೆ ಆ ಸ್ಕ್ಯಾನಿನಲ್ಲಿ ಒಂದು ನರಕೋಶವೂ ಕಾಣುವುದಿಲ್ಲ. ಅದರ ಒಂದೊಂದು ಚುಕ್ಕೆಯಲ್ಲಿ ಹತ್ತಾರು ಸಾವಿರ ಕೋಶಗಳು ಸೇರಿ ಒಂದೇ ಬಣ್ಣವಾಗಿರುತ್ತವೆ. ಗೂಡು ಕಾಣುತ್ತದೆ, ಎಳೆ ಕಾಣುವುದಿಲ್ಲ. ಹಾಗಾದರೆ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಆ ಒಂಟಿ ಕೋಶವನ್ನು ಕಂಡವರು ಯಾರು, ಹೇಗೆ ಕಂಡರು? ಅಷ್ಟು ವರ್ಷ ಪಾಠ ಹೇಳಿದರೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಬಂದದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ, ಅತ್ತೆಯ ಚಪ್ಪಲಿ ಹಿಡಿದುಕೊಂಡು ನಿಂತಿದ್ದಾಗ. ಅಂದಿನಿಂದ ಓದಲು ಶುರುಮಾಡಿದೆ.

ಕಥೆ ಶುರುವಾಗುವುದು ಒಂದು ಅಡುಗೆಮನೆಯಲ್ಲಿ ಎಂದರೆ ನೀವು ನಗಬಹುದು. ಇಟಲಿಯ ಮಿಲಾನ್ ನಗರದ ಹತ್ತಿರ ಅಬ್ಬಿಯಾತೆಗ್ರಾಸೋ ಎಂಬ ಊರು. ಅಲ್ಲಿ ವಾಸಿಯಾಗದ ರೋಗಿಗಳಿಗೆಂದು ಇದ್ದ ಆಸ್ಪತ್ರೆಗೆ 1872ರಲ್ಲಿ ಕಮಿಲ್ಲೋ ಗಾಲ್ಜಿ ಎಂಬ ವೈದ್ಯ ಬಂದ. ಪ್ರಯೋಗಾಲಯವಿಲ್ಲ. ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡ. ಮಿದುಳಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಗ ಕಾಣುತ್ತಿದ್ದದ್ದು ಮುದ್ದೆಗಟ್ಟಿದ ಶ್ಯಾವಿಗೆ. ಬಣ್ಣ ಹಾಕಿದರೆ ಎಲ್ಲಕ್ಕೂ ಬಣ್ಣ ಹಿಡಿಯುತ್ತಿತ್ತು, ಯಾವುದರ ಬಾಲ ಯಾವುದೆಂದು ತಿಳಿಯುತ್ತಿರಲಿಲ್ಲ. ಗಾಲ್ಜಿ ಆ ಚೂರನ್ನು ಮೊದಲು ಪೊಟಾಸಿಯಂ ಡೈಕ್ರೋಮೇಟಿನಲ್ಲಿ ಬಹಳ ದಿನ ನೆನೆಹಾಕಿ, ಆಮೇಲೆ ಬೆಳ್ಳಿಯ ಲವಣದ ದ್ರಾವಣದಲ್ಲಿ ಇಟ್ಟ. ಸಾವಿರಾರು ಕೋಶಗಳಲ್ಲಿ ಎಲ್ಲೋ ನಾಲ್ಕಾರು ಮಾತ್ರ ಕಪ್ಪಗೆ ನಿಂತವು, ಕೊಂಬೆಯ ತುದಿಯವರೆಗೂ. ಉಳಿದವು ಹಳದಿ ಹಿನ್ನೆಲೆಯಲ್ಲಿ ಮಾಯ. 1873ರಲ್ಲಿ ಇದನ್ನು ಪ್ರಕಟಿಸಿದ. ಎಲ್ಲವನ್ನೂ ತೋರಿಸದೆ ಇದ್ದದ್ದೇ ಆ ವಿದ್ಯೆಯ ಗುಟ್ಟು.

ಆ ಬೆಳ್ಳಿಯ ಲವಣ ನಮಗೇನೂ ಅಪರಿಚಿತವಲ್ಲ. ಸಿಲ್ವರ್ ನೈಟ್ರೇಟು. ಓಟು ಹಾಕುವಾಗ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿಯಲ್ಲಿರುವುದೂ ಅದೇ. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಆ ಶಾಯಿ ಹೋಗುವುದು ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ. ಉಗುರಿನ ಮೇಲೆ ವಾರಗಟ್ಟಲೆ ಕಪ್ಪಾಗಿ ನಿಲ್ಲುವ ಅದೇ ಬೆಳ್ಳಿ, ಗಾಲ್ಜಿಯ ಅಡುಗೆಮನೆಯಲ್ಲಿ ಮೊದಲ ಬಾರಿಗೆ ಒಂದು ನರಕೋಶವನ್ನು ಪೂರ್ತಿಯಾಗಿ ತೋರಿಸಿತು.

ಆ ವಿದ್ಯೆಯನ್ನು ಹಿಡಿದು ಮುಂದೆ ಹೋದವನು ಸ್ಪೇನಿನ ಸಾಂತಿಯಾಗೋ ರಮೋನ್ ಇ ಕಹಾಲ್. ಬಾರ್ಸಿಲೋನಾದಲ್ಲಿ 1888ರಲ್ಲಿ ಮರಿಪಕ್ಷಿಗಳ, ಇನ್ನೂ ಮೊಟ್ಟೆಯೊಡೆಯದ ಭ್ರೂಣಗಳ ಮಿದುಳಿನಲ್ಲಿ ಎಳೆಗಳನ್ನು ಹುಡುಕಿದ. ಬಲಿತ ಮಿದುಳು ದಟ್ಟ ಕಾಡು, ಎಳೆಯ ಮಿದುಳಿನಲ್ಲಾದರೆ ಗಿಡಗಳು ಬಿಡಿಬಿಡಿಯಾಗಿರುತ್ತವೆ ಎನ್ನುವ ಉಪಾಯ. ಅವನು ಬರೆದ ಚಿತ್ರಗಳನ್ನು ನೋಡಿದರೆ ಹಬ್ಬದ ರಂಗೋಲಿ ಹಾಕುವ ಕೈ ನೆನಪಾಗುತ್ತದೆ. ತನ್ನ ಸಂಶೋಧನೆಗೆಂದೇ ಒಂದು ಪತ್ರಿಕೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದ. ಮನೆ ತುಂಬ ಮಕ್ಕಳಿದ್ದ ಆ ಸಂಸಾರದಲ್ಲಿ ಅವನ ಹೆಂಡತಿ ಸಿಲ್ವೇರಿಯಾ ಅಚ್ಚಿನ ಖರ್ಚನ್ನು ಯಾವ ಡಬ್ಬಿಯಿಂದ ತೆಗೆದು ಹೊಂದಿಸಿದಳೋ. ಮಿದುಳು ಒಂದೇ ಹೆಣೆದ ಬಲೆ ಎಂದು ಗಾಲ್ಜಿ ಹೇಳುತ್ತಿದ್ದ. ಇಲ್ಲ, ಒಂದೊಂದು ಕೋಶವೂ ಬೇರೆ, ಅವು ಮುಟ್ಟುವಷ್ಟು ಹತ್ತಿರ ಬಂದು ನಿಲ್ಲುತ್ತವೆ, ಬೆಸೆದುಕೊಳ್ಳುವುದಿಲ್ಲ ಎಂದು ಕಹಾಲ್ ತೋರಿಸಿದ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಕೊಟ್ಟರು. ಆ ವೇದಿಕೆಯ ಮೇಲೂ ಗಾಲ್ಜಿ ಕಹಾಲನ ಮಾತನ್ನು ಅಲ್ಲಗಳೆದ. ಕೊನೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದು, 1950ರ ದಶಕದಲ್ಲಿ ಕೋಶಕ್ಕೂ ಕೋಶಕ್ಕೂ ನಡುವೆ ಇರುವ ಸಂದು ಕಣ್ಣಿಗೆ ಬಿದ್ದ ಮೇಲೆ ಜಗಳ ಮುಗಿಯಿತು.

ಅದೇ 1906ರಲ್ಲಿ ಇನ್ನೊಂದು ನಡೆದಿತ್ತು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಗಸ್ಟೆ ಡೀಟರ್ ಎಂಬ ಹೆಂಗಸು ಆ ಏಪ್ರಿಲ್‌ನಲ್ಲಿ ತೀರಿಕೊಂಡಳು. ಆಸ್ಪತ್ರೆ ಸೇರಿದಾಗ, 1901ರಲ್ಲಿ, ಅವಳಿಗೆ ಐವತ್ತೊಂದು ವರ್ಷ. ತನ್ನ ಹೆಸರು ಬರೆ ಎಂದರೆ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಅವಳನ್ನು ನೋಡಿಕೊಂಡಿದ್ದ ಅಲಾಯ್ಸ್ ಆಲ್ಜೈಮರ್ ಅವಳ ಮಿದುಳನ್ನು ಮ್ಯೂನಿಕ್ಕಿಗೆ ತರಿಸಿಕೊಂಡು, ಬೆಳ್ಳಿಯ ಬಣ್ಣವನ್ನೇ ಹಾಕಿ ನೋಡಿದ. ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು, ಹೊರಗೆ ಗಂಟುಗಟ್ಟಿದ ಕಸ. ನವೆಂಬರಿನಲ್ಲಿ ಅದನ್ನು ಸಭೆಯಲ್ಲಿ ಹೇಳಿದಾಗ ಕೇಳಿದವರು ಅಷ್ಟೇನೂ ಗಮನ ಕೊಡಲಿಲ್ಲ. ನಮ್ಮತ್ತೆಯ ಫೈಲಿನ ಮೇಲೆ ನೂರು ವರ್ಷದ ಮೇಲೆ ಬರೆದದ್ದು ಆ ವೈದ್ಯನ ಹೆಸರು. ಹೆಂಗಸಿನ ಹೆಸರು ಯಾವ ಫೈಲಿನಲ್ಲೂ ಬರುವುದಿಲ್ಲ.

ಬೆಳ್ಳಿ ತೋರಿಸುವುದು ಅಲ್ಲೊಂದು ಇಲ್ಲೊಂದು ಕೋಶವನ್ನು. ಒಂದು ಜೀವಿಯ ನರಕೋಶಗಳನ್ನೆಲ್ಲ ಒಂದೂ ಬಿಡದೆ ಎಳೆ ಹಿಡಿದು ಹೋಗಲು ಸಾಧ್ಯವೇ? ಇದನ್ನು ಮೊದಲು ಮಾಡಿ ಮುಗಿಸಿದವರು ಇಂಗ್ಲೆಂಡಿನ ಕೇಂಬ್ರಿಜ್‌ನವರು, ಒಂದು ಮಿಲಿಮೀಟರ್ ಉದ್ದದ ಮಣ್ಣುಹುಳುವಿನಲ್ಲಿ. ಸಿಡ್ನಿ ಬ್ರೆನ್ನರ್ ಶುರುಮಾಡಿದ ಕೆಲಸ ಅದು. ಹುಳುವನ್ನು ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗೆ ಹಲ್ಲೆಹಲ್ಲೆಯಾಗಿ ಕೊಯ್ದವನು ನಿಕೋಲ್ ಥಾಮ್ಸನ್. ಒಂದೊಂದು ಹಲ್ಲೆಗೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಫೋಟೋ. ಸಾವಿರಾರು ಫೋಟೋ ಆಯಿತಲ್ಲ, ಈಗ ಈ ಹಲ್ಲೆಯ ಈ ಚುಕ್ಕೆ ಮುಂದಿನ ಹಲ್ಲೆಯ ಯಾವ ಚುಕ್ಕೆ ಎಂದು ಗುರುತಿಸುವವರು ಯಾರು? ಕಂಪ್ಯೂಟರಿನಿಂದ ಮಾಡಿಸಲು ನೋಡಿದರು, ಆ ಕಾಲದ ಕಂಪ್ಯೂಟರಿಗೆ ಆಗಲಿಲ್ಲ. ಮಾಡಿದವಳು ಐಲೀನ್ ಸೌತ್‌ಗೇಟ್. ಹದಿನಾರು ವರ್ಷಕ್ಕೆ ಶಾಲೆ ಬಿಟ್ಟು 1956ರಲ್ಲಿ ಆ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದ್ದ ಹುಡುಗಿ. ಮೇಜಿನ ಮೇಲೆ ಫೋಟೋ ಹರಡಿಕೊಂಡು, ಪೆನ್ನು ಹಿಡಿದು, ಒಂದು ಎಳೆಗೆ ಒಂದು ಗುರುತು ಕೊಟ್ಟು, ಮುಂದಿನ ಫೋಟೋದಲ್ಲಿ ಅದನ್ನು ಹುಡುಕಿ, ಅದರ ಮುಂದಿನದರಲ್ಲಿ ಹುಡುಕಿ... ವರ್ಷಗಟ್ಟಲೆ. ಎಲ್ಲ ಸೇರಿ 302 ನರಕೋಶ. 1986ರಲ್ಲಿ ಅದು 340 ಪುಟದ ಲೇಖನವಾಗಿ ಬಂತು. ಬರೆದವರ ಹೆಸರಿನಲ್ಲಿ ಮೊದಲು ಜಾನ್ ವೈಟ್, ಎರಡನೆಯದು ಸೌತ್‌ಗೇಟ್, ಕೊನೆಗೆ ಬ್ರೆನ್ನರ್. ಡಿಗ್ರಿ ಇಲ್ಲದ ಹೆಂಗಸಿನ ಹೆಸರು ಎರಡನೆಯದಾಗಿ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಒಂದು ಎಳೆ ತಪ್ಪಿದರೆ ಮುಂದಿನದೆಲ್ಲ ತಪ್ಪು ಎನ್ನುವ ಕೆಲಸ ಮಾಡಿದವರಿಗೆ ಗೊತ್ತು, ಅದಕ್ಕೆ ಎಂಥ ಕಣ್ಣು ಬೇಕೆಂದು.

ನಮ್ಮ ಬೆಂಗಳೂರಿನಲ್ಲಿ ಏನಿತ್ತು? ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಿದುಳು ಬ್ಯಾಂಕು ಶುರುವಾಯಿತು. ಕಟ್ಟಿದವರು ಅಲ್ಲಿನ ಡಾ. ಎಸ್. ಕೆ. ಶಂಕರ್. ಬ್ಯಾಂಕು ಎಂದರೆ ದಾನವಾಗಿ ಬಂದ ಮಿದುಳುಗಳನ್ನು ಕೆಡದಂತೆ ಕಾದಿಟ್ಟು, ಸಂಶೋಧನೆ ಮಾಡುವವರಿಗೆ ಚೂರುಗಳನ್ನು ಕೊಡುವ ಜಾಗ. ಕೆಲವನ್ನು ಔಷಧದ ನೀರಿನಲ್ಲಿ, ಕೆಲವನ್ನು ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ. ಪಕ್ಕದಲ್ಲೇ ಜನ ನೋಡಲು ಒಂದು ಸಂಗ್ರಹಾಲಯ. 2013ರಲ್ಲಿ ನಾನು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಗಾಜಿನ ಡಬ್ಬಗಳಲ್ಲಿ ಸಾಲಾಗಿ ಮಿದುಳುಗಳು. ಒಂದನ್ನು ಕೈಗೆ ಕೊಟ್ಟರು. ಗಂಡುಹುಡುಗರು ಹಿಂದೆ ಸರಿದರು, ಹೆಣ್ಣುಮಕ್ಕಳು ಮುಂದೆ ಬಂದು ಮುಟ್ಟಿದರು. ಗಟ್ಟಿ ಗಿಣ್ಣಿನ ಹಾಗೆ, ತಣ್ಣಗೆ, ಅಂದುಕೊಂಡದ್ದಕ್ಕಿಂತ ಭಾರ. ನನ್ನ ಕೈ ನಡುಗಿತು. ಅದು ಯಾರದೋ. ಯಾರದೋ ಮನೆಯವರು ದುಃಖದ ಹೊತ್ತಿನಲ್ಲೇ ಸಹಿ ಹಾಕಿ ಕೊಟ್ಟಿದ್ದಾರೆ.

ಅದೇ ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಒಬೈದ್ ಸಿದ್ದಿಕಿಯವರು ಕಟ್ಟಿದ ಎನ್‌ಸಿಬಿಎಸ್ ಸಂಸ್ಥೆ ಇದೆ. ಮಾವಿನ ಕಾಲದಲ್ಲಿ ನಮ್ಮ ಅಡುಗೆಮನೆಯ ಬಾಳೆಹಣ್ಣಿನ ಮೇಲೆ ಕೂರುವ ಪುಟ್ಟ ನೊಣವಿದೆಯಲ್ಲ, ಅದರ ವಾಸನೆಯ ನರಗಳ ಮೇಲೆ ಕೆಲಸ ಮಾಡಿದವರು ಅಲ್ಲಿನ ವೆರೋನಿಕಾ ರಾಡ್ರಿಗ್ಸ್. ಕೀನ್ಯಾದಲ್ಲಿ ಹುಟ್ಟಿದವರು, ಗೋವಾ ಮೂಲ. ಸಿದ್ದಿಕಿಯವರ ಜೊತೆ ಕೆಲಸ ಮಾಡಬೇಕೆಂದೇ ಮುಂಬಯಿಗೆ ಬಂದು, ಆಮೇಲೆ ಬೆಂಗಳೂರಿಗೆ ಬಂದವರು. ಒಂದೊಂದು ವಾಸನೆಗೆ ನೊಣದ ಮಿದುಳಿನಲ್ಲಿ ಒಂದೊಂದು ಬೇರೆ ಗಂಟು ಎಚ್ಚರಗೊಳ್ಳುತ್ತದೆ ಎಂದು 1980ರ ದಶಕದಲ್ಲೇ ತೋರಿಸಿದವರು. 2010ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ನೊಣದ ಕಥೆ ಮುಂದೆ ಎಲ್ಲಿಗೆ ಹೋಯಿತು ಎಂದು ನೋಡಲು ಅವರು ಇರಬೇಕಿತ್ತು.

ಸಂಗ್ರಹಾಲಯದಿಂದ ಬಂದ ರಾತ್ರಿ ನಮ್ಮವರಿಗೆ ಹೇಳಿದೆ. "ಅತ್ತೆಯದು ಕೊಟ್ಟರೆ ಹೇಗೆ?" ಅವರು ಬಹಳ ಹೊತ್ತು ಮಾತಾಡಲಿಲ್ಲ. "ಅಣ್ಣನ್ನ ಕೇಳ್ಬೇಕು" ಎಂದರು. ಅತ್ತೆಯನ್ನೇ ಕೇಳುವ ಕಾಲ ದಾಟಿಹೋಗಿತ್ತು. ಈ ವಿಷಯದಲ್ಲಿ ನನ್ನನ್ನು ಇವತ್ತಿಗೂ ಕುಟುಕುವುದು ಇದೇ. ಕೇಳಬಹುದಾಗಿದ್ದಾಗ ನಮಗೆ ಗೊತ್ತಿರಲಿಲ್ಲ, ಗೊತ್ತಾದಾಗ ಅವರಿಗೆ ಮಾತು ಹತ್ತುತ್ತಿರಲಿಲ್ಲ.

2014ರ ಏಪ್ರಿಲ್ 17ರಂದು ಲೋಕಸಭೆಯ ಓಟು. ಬಾವನವರು ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋಗಿ ಬಂದರು. ಮೇ ತಿಂಗಳ ಎರಡನೆಯ ವಾರ, ಬೆಳಗಿನ ಜಾವ, ಅತ್ತೆ ಹೋದರು. ಬೆರಳಿನ ಶಾಯಿ ಇನ್ನೂ ಇತ್ತು, ಉಗುರಿನ ಬುಡದಿಂದ ಸ್ವಲ್ಪ ಮೇಲೆ ಸರಿದಿತ್ತು ಅಷ್ಟೆ. ಸಾತನೂರಿನಿಂದ ಹೊಸೂರು ರಸ್ತೆಗೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ತಡವಾದಷ್ಟೂ ಮಿದುಳು ಕೆಡುತ್ತದೆ. ನಾನು ಬಾವನವರ ಎದುರು ನಿಂತು ಮೆಲ್ಲಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

"ಅವ್ವನ ತಲೆ ಕೊಯ್ಸಿ ಕಳ್ಸಾದಾ ತಾಯಿ? ಇಷ್ಟ್ ದಿನ ನಾವು ಯಾರೂಂತ ಗೊತ್ತಿಲ್ದೆ ನರಳವ್ಳೆ. ಈಗಾದ್ರೂ ಪೂರ್ತಿಯಾಗಿ ಹೋಗ್ಲಿ. ಇಲ್ದಿದ್ರೆ ಕಬ್ಬಾಳಮ್ಮನೂ ಮೆಚ್ಚಾಕಿಲ್ಲ" ಎಂದರು.

ನಾನು ಸುಮ್ಮನಾದೆ. ಮಧ್ಯಾಹ್ನದ ಹೊತ್ತಿಗೆ ಹೊಲದ ಬದಿಯಲ್ಲಿ, ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಮಣ್ಣು ಮಾಡಿದರು. ಬಾವನವರು ತಪ್ಪು ಹೇಳಿದರು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ನಾನು ಕೇಳಿದ್ದು ತಪ್ಪು ಎಂದೂ ಅನ್ನಿಸುವುದಿಲ್ಲ.

ಅತ್ತೆ ಹೋದ ಮೇಲಿನ ಹತ್ತು ವರ್ಷದಲ್ಲಿ ಈ ವಿದ್ಯೆ ಬೆಳೆದ ಪರಿಯನ್ನು ಓದಿ ಹಿಡಿಯುವುದೇ ಕಷ್ಟವಾಗಿದೆ. ಈಗ ಬೆಳ್ಳಿಯ ಬದಲು, ಕೆಲವೇ ಕೋಶಗಳು ಬೆಳಕು ಸೂಸುವಂತೆ ಮಾಡುತ್ತಾರೆ. ಇಲಿಯ ಇಡೀ ಮಿದುಳನ್ನು ಗಾಜಿನಂತೆ ಪಾರದರ್ಶಕ ಮಾಡಿ, ಮೇಲಿನಿಂದ ಪದರಪದರವಾಗಿ ಚಿತ್ರ ತೆಗೆದು ಒಂದೇ ಕೋಶವನ್ನು ಮಿದುಳಿನ ಈ ತುದಿಯಿಂದ ಆ ತುದಿಯವರೆಗೆ ಹಿಂಬಾಲಿಸುತ್ತಾರೆ. 2017ರಲ್ಲಿ ಅಮೆರಿಕದಲ್ಲಿ ಕಂಡ ಒಂದು ನರಕೋಶದ ಕವಲುಗಳು ಇಲಿಯ ಇಡೀ ಮಿದುಳಿನ ಸುತ್ತ ಸಿಂಬಿಯ ಹಾಗೆ ಸುತ್ತಿಕೊಂಡಿದ್ದವು. 2019ರಲ್ಲಿ ಅಲ್ಲಿಯ ಜನೀಲಿಯಾ ಸಂಸ್ಥೆಯವರು ಹೀಗೆ ಸಾವಿರ ಕೋಶಗಳನ್ನು ಪೂರ್ತಿ ಹಿಂಬಾಲಿಸಿದರು. ಒಂದೇ ಎಳೆಯನ್ನು ಇಬ್ಬರು ಬೇರೆ ಬೇರೆ ಕೂತು ಹಿಡಿಯುವುದು, ಆಮೇಲೆ ಇಬ್ಬರದೂ ತಾಳೆ ನೋಡುವುದು. ಕಂಪ್ಯೂಟರು ಎಷ್ಟೇ ಚುರುಕಾದರೂ ಕೊನೆಗೆ ಮನುಷ್ಯರ ಕಣ್ಣು ಬೇಕೇ ಬೇಕು. ಇಲಿಯ ಮಿದುಳಿನಲ್ಲಿರುವುದು ಸುಮಾರು ಏಳು ಕೋಟಿ ಕೋಶ, ಹಿಡಿದದ್ದು ಸಾವಿರ.

ವೆರೋನಿಕಾ ಅವರ ನೊಣದ ಸರದಿ 2024ರ ಅಕ್ಟೋಬರಿನಲ್ಲಿ ಬಂತು. ಒಂದು ಹೆಣ್ಣು ನೊಣದ ಮಿದುಳಿನ ನರಕೋಶಗಳೆಲ್ಲದರ ನಕ್ಷೆ, ಲೆಕ್ಕ ಹಾಕಿ ಎಣಿಸಿದ 1,39,255 ಕೋಶ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ ಮತ್ತು ಸೆಬಾಸ್ಟಿಯನ್ ಸೆಯುಂಗ್ ಮುಂದೆ ನಿಂತು ಮಾಡಿಸಿದ್ದು. ಎಳೆ ಗುರುತಿಸಿದ್ದು ಕಂಪ್ಯೂಟರು, ಅದು ಮಾಡಿದ ತಪ್ಪನ್ನು ತಿದ್ದಿದವರು ನೂರಾರು ಜನ, ಅವರಲ್ಲಿ ಹವ್ಯಾಸಕ್ಕೆಂದು ಸೇರಿದವರೂ ಇದ್ದರು. ಗಸಗಸೆ ಕಾಳಿನಷ್ಟಿರುವ ಆ ಮಿದುಳಿನ ನರತಂತುಗಳನ್ನೆಲ್ಲ ಜೋಡಿಸಿದರೆ ಸುಮಾರು 149 ಮೀಟರು. ಅದನ್ನು ಓದಿದಾಗ ಮೊದಲು ನೆನಪಾದದ್ದು ಅತ್ತೆಯ ಪಾತ್ರೆ. ಒಂದು ಗೂಡಿನ ಎಳೆಯ ಐದನೆಯ ಒಂದು ಪಾಲೂ ಇಲ್ಲವಲ್ಲ!

ಮನುಷ್ಯರದು ಸುಮಾರು 8,600 ಕೋಟಿ ಕೋಶ. 2024ರ ಮೇ ತಿಂಗಳಲ್ಲಿ ಹಾರ್ವರ್ಡಿನ ಜೆಫ್ ಲಿಕ್ಟ್‌ಮನ್ ಮತ್ತು ಗೂಗಲ್‌ನವರು ಸೇರಿ ಪ್ರಕಟಿಸಿದ ನಕ್ಷೆ ಒಂದು ಘನ ಮಿಲಿಮೀಟರಿನದು, ಅರ್ಧ ಅಕ್ಕಿಕಾಳಿನಷ್ಟು. ಅಷ್ಟರಲ್ಲೇ 57,000 ಕೋಶ, ಹದಿನೈದು ಕೋಟಿ ಕೂಡುತಾಣ. ಆ ಚೂರು ನಲವತ್ತೈದು ವರ್ಷದ ಒಬ್ಬ ಹೆಂಗಸಿನದು. ಅವಳಿಗೆ ಮೂರ್ಛೆರೋಗ. ರೋಗದ ಜಾಗಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗ ದಾರಿಯಲ್ಲಿ ತೆಗೆಯಬೇಕಾಗಿ ಬಂದ ಚೂರು. ಆಗಸ್ಟೆಯ ಹೆಸರಾದರೂ ಉಳಿಯಿತು, ಇವಳದು ಹೊರಗೆ ಬಂದೇ ಇಲ್ಲ. ಬಾರದಿರುವುದೇ ನ್ಯಾಯವೂ ಹೌದು.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಮದ್ರಾಸಿನ ಐಐಟಿಯಲ್ಲಿ 2022ರಲ್ಲಿ ಶುರುವಾದ ಮಿದುಳು ಕೇಂದ್ರಕ್ಕೆ ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಹಣ ಕೊಟ್ಟರು. ಅದಕ್ಕೆ ಅವರ ಪತ್ನಿ ಸುಧಾ ಅವರ ಹೆಸರು. ಅಲ್ಲಿಯವರು 2024ರ ಡಿಸೆಂಬರಿನಲ್ಲಿ ಹುಟ್ಟುವ ಮೊದಲೇ ಹೋದ ಕೂಸುಗಳ ಮಿದುಳಿನ 5,132 ಹಲ್ಲೆಗಳ ಚಿತ್ರಗಳನ್ನು ಯಾರು ಬೇಕಾದರೂ ನೋಡುವಂತೆ ಹೊರಗಿಟ್ಟರು. ಕೋಶಕೋಶವೂ ಕಾಣುವಷ್ಟು ಸ್ಪಷ್ಟ. ಹೆಸರು 'ಧರಣಿ'. ಎಲ್ಲಿಯೋ ಕೆಲವು ತಾಯಂದಿರು, ಮಡಿಲು ಬರಿದಾದ ದಿನವೇ, "ಆಗಲಿ" ಎಂದು ಹೇಳಿದ್ದಾರೆ. ಮಗನ ಕಂಪ್ಯೂಟರಿನಲ್ಲಿ ಆ ಚಿತ್ರ ನೋಡುತ್ತಾ ನಾನು ಅವರನ್ನೇ ಯೋಚಿಸುತ್ತಿದ್ದೆ.

ಕಳೆದ ವರ್ಷ ನನ್ನದನ್ನು ಕೊಡುವುದಾಗಿ ಬರೆದಿಟ್ಟೆ. ನಾವು ಬರೆದಿಟ್ಟರೂ ಕೊನೆಗೆ ಹತ್ತಿರದವರು ಒಪ್ಪಲೇಬೇಕು. ಅದಕ್ಕೆ ಮಗನ ಸಹಿಯನ್ನೂ ಈಗಲೇ ಹಾಕಿಸಿಬಿಡೋಣವೆಂದು ಹಾಳೆಯನ್ನು ಅವನ ಮುಂದಿಟ್ಟೆ. ಅವನು ಓದಿದ, ಮಡಿಸಿದ, "ಈಗೇನ್ ಅರ್ಜೆಂಟು ಬಿಡಮ್ಮ" ಎಂದು ವಾಪಸು ಕೊಟ್ಟ. ಅವನ ಮುಖ ಥೇಟ್ ಅವರ ದೊಡ್ಡಪ್ಪನ ಮುಖವಾಗಿತ್ತು. ಹಾಳೆ ಬೀರುವಿನಲ್ಲಿದೆ, ಅತ್ತೆ ಎಂದೋ ಕೈಯಲ್ಲೇ ತೆಗೆದ ಒಂದು ಸಣ್ಣ ರೇಷ್ಮೆ ಲಡಿಯ ಕೆಳಗೆ. ಯುಗಾದಿಗೆ ಅವನು ಬರುತ್ತಾನೆ, ಇನ್ನೊಂದು ಸಲ ಕೇಳಬೇಕು.